ವಯಸ್ಸಾಯಿತಲ್ಲ ಎನ್ನುವ ಮುನ್ನ: ಮಲೆನಾಡಿನ ಹಿರಿಯರ ಆರೋಗ್ಯ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೋಟದ ನಡುವಿನ ಒಂಟಿ ಮನೆಗಳಲ್ಲಿ ಈಗ ಹೆಚ್ಚಾಗಿ ಉಳಿದಿರುವವರು ಎಪ್ಪತ್ತು ದಾಟಿದ ಗಂಡ ಹೆಂಡತಿ, ಇಲ್ಲವೇ ಅವರಲ್ಲಿ ಒಬ್ಬರು. ಮಕ್ಕಳು ಬೆಂಗಳೂರಿನಿಂದ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳಿದರೆ "ವಯಸ್ಸಾಯಿತಲ್ಲ, ಹೀಗೇ ಇದ್ದೇವೆ" ಎಂಬ ಉತ್ತರ ಬರುತ್ತದೆ. ಈ ಒಂದು ಮಾತಿನ ಮರೆಯಲ್ಲಿ ವಾಸಿಯಾಗಬಹುದಾದ ಕಾಯಿಲೆಗಳು ವರ್ಷಗಟ್ಟಲೆ ಕುಳಿತಿರುವುದನ್ನು ನಾನು ನಮ್ಮ ಮನೆಯಲ್ಲಿಯೂ ನೆಂಟರಿಷ್ಟರ ಮನೆಗಳಲ್ಲಿಯೂ ಕಂಡಿದ್ದೇನೆ. ಮುಂದಿನ ಪ್ರಶ್ನೆಗಳೆಲ್ಲ ಅಂಥ ಮನೆಗಳಲ್ಲಿ ಕೇಳಿ ಬಂದವು. ಉತ್ತರಗಳು ವೈದ್ಯರ ಸಲಹೆಯ ಜಾಗದಲ್ಲಿ ನಿಲ್ಲುವಂಥವಲ್ಲ. ವೈದ್ಯರ ಬಳಿಗೆ ಯಾವಾಗ ಹೋಗಬೇಕು, ಹೋದಾಗ ಏನನ್ನು ಮರೆಯದೆ ಹೇಳಬೇಕು ಎಂಬುದಕ್ಕೆ ನೆರವಾಗಲೆಂದು ಬರೆದವು.

ಇದು ವಯಸ್ಸಿನ ಸಹಜ ಬದಲಾವಣೆಯೋ, ಕಾಯಿಲೆಯೋ ಎಂದು ಮನೆಯವರು ಹೇಗೆ ತಿಳಿಯಬೇಕು?

ಮೊದಲು ಬದಲಾವಣೆಯ ವೇಗವನ್ನು ಗಮನಿಸಬೇಕು. ವಯಸ್ಸು ವರ್ಷಗಳ ಲೆಕ್ಕದಲ್ಲಿ ಮೆಲ್ಲಗೆ ಕೆಲಸ ಮಾಡುತ್ತದೆ. ಕಾಯಿಲೆ ದಿನ, ವಾರ, ತಿಂಗಳುಗಳ ಲೆಕ್ಕದಲ್ಲಿ ಬರುತ್ತದೆ. ದೀಪಾವಳಿಯ ಹೊತ್ತಿಗೆ ತೋಟದ ಕೊನೆಯವರೆಗೂ ಹೋಗಿ ಬರುತ್ತಿದ್ದವರು ಯುಗಾದಿಯ ಹೊತ್ತಿಗೆ ಅಂಗಳ ದಾಟಲು ಏದುಸಿರು ಬಿಡುತ್ತಿದ್ದರೆ ಅದನ್ನು ವಯಸ್ಸಿನ ಖಾತೆಗೆ ಬರೆಯಬಾರದು. ರಕ್ತಹೀನತೆ, ಹೃದಯದ ದೌರ್ಬಲ್ಯ, ಶ್ವಾಸಕೋಶದ ತೊಂದರೆ, ಥೈರಾಯ್ಡ್ ಕೊರತೆ ಇವುಗಳಲ್ಲಿ ಯಾವುದೂ ಇರಬಹುದು, ಮತ್ತು ಇವಕ್ಕೆಲ್ಲ ಚಿಕಿತ್ಸೆ ಇದೆ. ಎರಡನೆಯದಾಗಿ, ಒಂದು ಕಣ್ಣು, ಒಂದು ಕಿವಿ, ಒಂದು ಕೈ ಎಂದು ಒಂದೇ ಕಡೆ ಕಾಣಿಸಿಕೊಂಡ ತೊಂದರೆಯನ್ನು ಅನುಮಾನದಿಂದಲೇ ನೋಡಬೇಕು, ಏಕೆಂದರೆ ವಯಸ್ಸು ಸಾಮಾನ್ಯವಾಗಿ ಎರಡೂ ಕಡೆಯನ್ನು ಸಮನಾಗಿ ಹಿಡಿಯುತ್ತದೆ.

ಇನ್ನೊಂದು ವಿಷಯ ಬಹಳ ಜನರಿಗೆ ತಿಳಿದಿರುವುದಿಲ್ಲ. ಹಿರಿಯರಲ್ಲಿ ಕಾಯಿಲೆಗಳು ತಮ್ಮ ಎಂದಿನ ಗುರುತನ್ನು ತೋರಿಸದೆಯೂ ಬರುತ್ತವೆ. ನ್ಯುಮೋನಿಯಾ ಜ್ವರವಿಲ್ಲದೆ ಬರಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಹೃದಯಾಘಾತ ಎದೆನೋವಿಲ್ಲದೆ ಬರೀ ಸುಸ್ತು, ಬೆವರು, ಉಸಿರಾಟದ ಕಷ್ಟವಾಗಿ ಬರಬಹುದು. ಮೂತ್ರದ ಸೋಂಕು ಉರಿಯ ಬದಲು ಗಲಿಬಿಲಿಯ ಮಾತಾಗಿ ಕಾಣಿಸಿಕೊಳ್ಳಬಹುದು. "ಎರಡು ದಿನದಿಂದ ಊಟ ಬೇಡ ಎನ್ನುತ್ತಿದ್ದಾರೆ, ಸುಮ್ಮನೆ ಮಲಗಿದ್ದಾರೆ" ಎಂಬುದಷ್ಟೇ ವೈದ್ಯರಲ್ಲಿಗೆ ಕರೆದೊಯ್ಯಲು ಸಾಕಾದ ಕಾರಣ.

ಮಂಡಿ ನೋವಿದೆ ಎನ್ನುತ್ತಾರೆ. ಕೆಲಸ ಬಿಡಿಸಿ ಕೂರಿಸುವುದು ಒಳ್ಳೆಯದಲ್ಲವೇ?

ಪ್ರೀತಿಯಿಂದ ಮಾಡುವ ಈ ಕೆಲಸ ಹಿರಿಯರಿಗೆ ಹಾನಿಯನ್ನೇ ಮಾಡುತ್ತದೆ. ಮಾಂಸಖಂಡ ಮೂವತ್ತರ ನಂತರವೇ ಮೆಲ್ಲಗೆ ಕರಗತೊಡಗಿ ಅರವತ್ತರ ಮೇಲೆ ವೇಗವಾಗಿ ಇಳಿಯುತ್ತದೆ. ಹಾಸಿಗೆ ಹಿಡಿದ ಕೆಲವೇ ದಿನಗಳಲ್ಲಿ ಹೋದ ಬಲವನ್ನು ಮರಳಿ ಪಡೆಯಲು ವಾರಗಳು ಬೇಕು. ಸವೆದ ಮಂಡಿಯ ಭಾರವನ್ನು ಹೊರುವುದು ತೊಡೆಯ ಮುಂಭಾಗದ ಮಾಂಸಖಂಡವಾದ್ದರಿಂದ, ಅದು ಸೊರಗಿದಷ್ಟೂ ಮಂಡಿ ನೋವು ಹೆಚ್ಚುತ್ತದೆ.

ಬದಲಾಯಿಸಬೇಕಾದದ್ದು ಕೆಲಸದ ಭಂಗಿಯನ್ನು. ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ನೆಲದಲ್ಲಿ ಕುಳಿತು ಅಡಿಕೆ ಸುಲಿಯುವುದು, ಕುಕ್ಕರುಗಾಲಿನಲ್ಲಿ ಕುಳಿತು ಅಂಗಳದ ಹುಲ್ಲು ಕೀಳುವುದು ಇವನ್ನು ಬಿಡಬೇಕು, ನಡೆಯುವುದನ್ನು ಬಿಡಬಾರದು. ಶೌಚಾಲಯದಲ್ಲಿ ಕಮೋಡ್ ಹಾಕಿಸುವುದು ಮಂಡಿಗೆ ಹಚ್ಚುವ ಎಷ್ಟೋ ತೈಲಗಳಿಗಿಂತ ಹೆಚ್ಚು ಉಪಕಾರ ಮಾಡುತ್ತದೆ. ದಿನಕ್ಕೆ ಎರಡು ಸಲ ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, ಐದು ಎಣಿಸುವಷ್ಟು ಹೊತ್ತು ಹಿಡಿದು ಇಳಿಸುವುದನ್ನು ಹತ್ತು ಹತ್ತು ಬಾರಿ ಮಾಡಿದರೆ ತೊಡೆ ಬಲಗೊಳ್ಳುತ್ತದೆ. ಬಲ ಎಷ್ಟಿದೆಯೆಂದು ಮನೆಯಲ್ಲಿಯೇ ನೋಡಲು, ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಬಾರಿ ಎದ್ದು ಕೂರಲು ಹೇಳಿ. ಅದಕ್ಕೆ 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕುಗ್ಗಿದೆ ಎಂದು ತಿಳಿಯಬಹುದು. ಈ ಪರೀಕ್ಷೆ ಮಾಡುವಾಗ ಯಾರಾದರೂ ಪಕ್ಕದಲ್ಲಿ ನಿಂತಿರಬೇಕು.

ಅಂಗಡಿಯಿಂದ ತಾವೇ ತಂದು ನುಂಗುವ ನೋವಿನ ಮಾತ್ರೆಗಳ ಬಗ್ಗೆ ಒಂದು ಮಾತು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಬಗೆಯ ಮಾತ್ರೆಗಳನ್ನು ತಿಂಗಳುಗಟ್ಟಲೆ ತೆಗೆದುಕೊಂಡರೆ ಮೂತ್ರಪಿಂಡ ಕೆಡುತ್ತದೆ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಗಬಹುದು, ರಕ್ತದೊತ್ತಡ ಏರುತ್ತದೆ.

ಮನೆಯಲ್ಲಿ ಬೀಳದಂತೆ ಏನು ಮಾಡಬೇಕು?

ಆಗುಂಬೆಯಲ್ಲಿ ವರ್ಷದ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಸುತ್ತಲಿನ ಊರುಗಳಲ್ಲಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದಲ್ಲಿ ಪಾಚಿ ಕಟ್ಟದ ಮನೆಯಿಲ್ಲ. ಆದ್ದರಿಂದ ಅಂಗಳಕ್ಕೆ ಅಡಿಕೆ ಮರದ ದಬ್ಬೆ ಹಾಸುವುದು, ಪಾಚಿ ಕೆರೆದು ಸುಣ್ಣ ಅಥವಾ ಬ್ಲೀಚಿಂಗ್ ಪುಡಿ ಹಾಕುವುದು ಎಲ್ಲರಿಗೂ ಗೊತ್ತಿದೆ. ದಬ್ಬೆಯೂ ಹಳತಾದಂತೆ ಜಾರುತ್ತದೆಂಬುದನ್ನು ಮರೆಯಬಾರದು. ಪ್ರತಿ ಮಳೆಗಾಲಕ್ಕೆ ಮುನ್ನ ಅದನ್ನು ಬದಲಿಸಬೇಕು, ಹಳ್ಳದ ಕಾಲುಸಂಕಕ್ಕೆ ಎರಡೂ ಕಡೆ ಹಿಡಿಕೆ ಕಟ್ಟಿಸಬೇಕು.

ಆದರೆ ಹಿರಿಯರು ಹೆಚ್ಚಾಗಿ ಬೀಳುವುದು ಮನೆಯ ಒಳಗೆ, ದಿನವೂ ತುಳಿದ ಜಾಗದಲ್ಲಿ. ನಮ್ಮ ಅತ್ತೆಯವರು ಬಿದ್ದದ್ದು ಅಡುಗೆಮನೆಯಿಂದ ಬಚ್ಚಲಿಗೆ ಇಳಿಯುವ, ಸೊಸೆಯಾಗಿ ಬಂದಂದಿನಿಂದ ತುಳಿದ ಒಂದೇ ಒಂದು ಮೆಟ್ಟಿಲಿನಲ್ಲಿ. ಮೆಟ್ಟಿಲಿಗೂ ಕೆಳಗಿನ ನೆಲಕ್ಕೂ ಒಂದೇ ಕೆಂಪು ಬಣ್ಣದ ಗಾರೆ. ರಾತ್ರಿ ಉರಿಯುತ್ತಿದ್ದ ಸೊನ್ನೆ ಬಲ್ಬಿನ ಬೆಳಕಿನಲ್ಲಿ ಅಂಚು ಎಲ್ಲಿದೆಯೆಂದು ನಮಗೇ ತಿಳಿಯುತ್ತಿರಲಿಲ್ಲ, ಪೊರೆ ಬಂದ ಕಣ್ಣಿಗೆ ಹೇಗೆ ತಿಳಿದೀತು? ಅವರು ಆಸ್ಪತ್ರೆಯಲ್ಲಿದ್ದಾಗ ನಾವು ಆ ಅಂಚಿಗೆ ಮೂರು ಬೆರಳಗಲದ ಬಿಳಿ ಪಟ್ಟಿ ಬಳಿದೆವು. ಬಳಿಯಲು ಅರ್ಧ ಗಂಟೆ ಹಿಡಿಯಿತು. ತೊಡೆಮೂಳೆಯ ಕತ್ತು ಮುರಿದಿದ್ದ ಅವರು ಶಸ್ತ್ರಚಿಕಿತ್ಸೆಯಾಗಿ ಮತ್ತೆ ಆ ಮೆಟ್ಟಿಲು ಇಳಿಯಲು ಐದು ತಿಂಗಳು ಹಿಡಿಯಿತು. ಬಳಿಯಬೇಕಾಗಿದ್ದದ್ದು ಮೊದಲೇ ಎಂಬ ನೋವು ನನಗೆ ಇಂದಿಗೂ ಇದೆ, ಈ ಬರಹಕ್ಕೆ ಕಾರಣವೂ ಅದೇ.

ಹೀಗಾಗಿ ಒಂದು ರಾತ್ರಿ ನೀವೇ ದೀಪ ಆರಿಸಿ, ಅವರ ಮಂಚದಿಂದ ಬಚ್ಚಲಿನವರೆಗೆ ನಡೆದು ನೋಡಿ. ಕಾಲಿಗೆ ತಾಗುವ ಹೊಸ್ತಿಲು, ಮಡಿಚಿಕೊಳ್ಳುವ ಚಾಪೆ ಮತ್ತು ಗೋಣಿತಾಟು, ದಾರಿಯಲ್ಲಿಟ್ಟ ಕೊಡಪಾನ, ಕೈಗೆ ಸಿಗದ ಸ್ವಿಚ್ಚು ಎಲ್ಲವೂ ಆಗ ಗೊತ್ತಾಗುತ್ತವೆ. ಕರೆಂಟ್ ಹೋಗುವುದು ನಮ್ಮಲ್ಲಿ ಮಾಮೂಲಾದ್ದರಿಂದ ದಿಂಬಿನ ಪಕ್ಕ ಟಾರ್ಚ್ ಇರಲೇಬೇಕು. ಬಚ್ಚಲಿನಲ್ಲಿ ಗೋಡೆಗೆ ಗಟ್ಟಿಯಾದ ಹಿಡಿಕೆ, ಕುಳಿತು ಸ್ನಾನ ಮಾಡಲು ರಬ್ಬರ್ ಕಾಲಿನ ಸ್ಟೂಲು ಇರಬೇಕು. ಹಿಮ್ಮಡಿಗೆ ಪಟ್ಟಿಯಿಲ್ಲದ ಸವೆದ ಹವಾಯಿ ಚಪ್ಪಲಿಯನ್ನು ಬದಲಿಸಬೇಕು.

ಬಿದ್ದವರನ್ನು ತಕ್ಷಣ ಎತ್ತಿ ನಿಲ್ಲಿಸಬೇಕೇ?

ಗಾಬರಿಯಲ್ಲಿ ಕಂಕುಳಿಗೆ ಕೈ ಹಾಕಿ ಎತ್ತಬಾರದು. ಮೊದಲು ಮಾತನಾಡಿಸಿ, ನೋವು ಎಲ್ಲಿದೆ ಎಂದು ಕೇಳಿ. ಒಂದು ಕಾಲು ಗಿಡ್ಡವಾದಂತೆ, ಪಾದ ಹೊರಕ್ಕೆ ತಿರುಗಿದಂತೆ ಕಂಡರೆ ಸೊಂಟದ ಬಳಿ ಮೂಳೆ ಮುರಿದಿರುವ ಸಾಧ್ಯತೆ ಹೆಚ್ಚು. ಅಲುಗಾಡಿಸದೆ 108ಕ್ಕೆ ಕರೆ ಮಾಡಬೇಕು. ತಲೆಗೆ ಪೆಟ್ಟಾಗಿದ್ದು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾಗಿದ್ದರೆ, ಎದ್ದು ಕಾಫಿ ಕುಡಿದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಮಿದುಳಿನ ಹೊರಪದರದಲ್ಲಿ ಮೆಲ್ಲಗೆ ಸೋರುವ ರಕ್ತ ಕೆಲವೊಮ್ಮೆ ದಿನಗಳು, ವಾರಗಳು ಕಳೆದ ಮೇಲೆ ತಲೆನೋವು, ತೂಕಡಿಕೆ, ನಡಿಗೆಯ ವಾಲಾಟವಾಗಿ ತೋರಿಕೊಳ್ಳುತ್ತದೆ.

ಎದ್ದ ಕೂಡಲೇ ಕಣ್ಣು ಕತ್ತಲಿಡುವುದು ಏಕೆ?

ಎದ್ದು ನಿಂತಾಗ ರಕ್ತ ಕಾಲಿನ ಕಡೆಗೆ ಇಳಿಯುತ್ತದೆ. ಎಳೆಯ ದೇಹ ಕ್ಷಣದಲ್ಲಿ ರಕ್ತನಾಳಗಳನ್ನು ಬಿಗಿಗೊಳಿಸಿ ಇದನ್ನು ಸರಿದೂಗಿಸುತ್ತದೆ, ವಯಸ್ಸಾದ ದೇಹಕ್ಕೆ ಅದಕ್ಕೆ ಸಮಯ ಬೇಕು. ನಿಂತ ಮೂರು ನಿಮಿಷದೊಳಗೆ ಮೇಲಿನ ರಕ್ತದೊತ್ತಡ 20 ಅಥವಾ ಕೆಳಗಿನದು 10ರಷ್ಟು ಇಳಿದರೆ ಅದನ್ನು ಚಿಕಿತ್ಸೆ ಬೇಕಾದ ತೊಂದರೆ ಎಂದು ಪರಿಗಣಿಸುತ್ತಾರೆ. ರಕ್ತದೊತ್ತಡದ, ಪ್ರಾಸ್ಟೇಟ್‌ನ ಮತ್ತು ನಿದ್ರೆಯ ಮಾತ್ರೆಗಳು ಇದನ್ನು ಹೆಚ್ಚಿಸುತ್ತವೆ. ಬಿ.ಪಿ.ಯನ್ನು ಕುಳಿತಾಗ ಮಾತ್ರವಲ್ಲದೆ ನಿಂತಾಗಲೂ ನೋಡಿ ಎಂದು ವೈದ್ಯರನ್ನು ಕೇಳಿಕೊಳ್ಳಿ.

ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣವಿದೆ, ಹಂಡೆಯ ನೀರು. ಹೊಗೆಯಾಡುವಷ್ಟು ಬಿಸಿಯಾದ ನೀರನ್ನು ಹೊಯ್ದುಕೊಂಡಾಗ ಚರ್ಮದ ರಕ್ತನಾಳಗಳು ಅರಳಿ ಒತ್ತಡ ಕುಸಿಯುತ್ತದೆ, ಸ್ನಾನ ಮುಗಿಸಿ ಏಳುವಾಗ ಬಚ್ಚಲಿನಲ್ಲಿಯೇ ಕುಸಿದು ಬೀಳುತ್ತಾರೆ. ನೀರು ಹದವಾಗಿರಲಿ, ಬಚ್ಚಲಿನ ಚಿಲಕವನ್ನು ಹಾಕದೆ ಬಾಗಿಲು ಮುಂದೆ ಮಾಡಿಕೊಂಡರೆ ಸಾಕೆಂದು ಒಪ್ಪಿಸಿ. ಹಾಸಿಗೆಯಿಂದ ಏಳುವಾಗ ಒಂದು ನಿಮಿಷ ಕಾಲು ಇಳಿಬಿಟ್ಟು ಕುಳಿತು, ಪಾದಗಳನ್ನು ಆಡಿಸಿ, ಆಮೇಲೆ ನಿಲ್ಲುವುದು ಅಭ್ಯಾಸವಾಗಬೇಕು.

ಮೂಳೆ ಸವೆತಕ್ಕೆ ರಾಗಿ ಮತ್ತು ಹಾಲು ಸಾಕೇ?

ಮುಟ್ಟು ನಿಂತ ಮೇಲಿನ ಕೆಲವು ವರ್ಷಗಳಲ್ಲಿ ಹೆಂಗಸರ ಮೂಳೆ ಅತಿ ವೇಗವಾಗಿ ಸವೆಯುತ್ತದೆ. ಗಂಡಸರಿಗೂ ಎಪ್ಪತ್ತರ ನಂತರ ಅಪಾಯವಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅನ್ನವನ್ನೇ ನೆಚ್ಚಿದ ಮಲೆನಾಡಿನ ಮನೆಗಳಲ್ಲಿ ಬೆಳಿಗ್ಗೆಯ ಒಂದು ಹೊತ್ತಿಗಾದರೂ ರಾಗಿ ಬರುವುದು ಒಳ್ಳೆಯದು. ಆದರೆ ಆ ಕ್ಯಾಲ್ಸಿಯಂ ದೇಹಕ್ಕೆ ಹತ್ತಲು ಡಿ ಜೀವಸತ್ವ ಬೇಕು, ಅದಕ್ಕೆ ಬಿಸಿಲು ಬೇಕು, ಮತ್ತು ನಾಲ್ಕು ತಿಂಗಳು ಮೋಡ ಕವಿದ ಊರಿನಲ್ಲಿ ಜಗುಲಿ ಬಿಟ್ಟಿಳಿಯದ ಹಿರಿಯರಿಗೆ ಅದು ಸಿಗುವುದಿಲ್ಲ. ರಕ್ತ ಪರೀಕ್ಷೆ ಮಾಡಿಸಿ ವೈದ್ಯರು ಹೇಳಿದಷ್ಟೇ ಡಿ ಜೀವಸತ್ವ ತೆಗೆದುಕೊಳ್ಳಬೇಕು; ವಾರಕ್ಕೊಂದರ ಮಾತ್ರೆಯನ್ನು ತಪ್ಪಾಗಿ ದಿನಕ್ಕೊಂದು ನುಂಗಿದರೆ ಅಪಾಯ. ಸಣ್ಣ ಪೆಟ್ಟಿಗೆ ಮಣಿಕಟ್ಟು ಮುರಿದಿದ್ದರೆ, ಎತ್ತರ ಕುಗ್ಗಿ ಬೆನ್ನು ಗೂನಾಗುತ್ತಿದ್ದರೆ ಮೂಳೆಯ ಸಾಂದ್ರತೆಯ ಪರೀಕ್ಷೆ ಬೇಕೇ ಎಂದು ಕೇಳಿ.

ಕಣ್ಣಿನ ಪೊರೆ ಬಲಿಯುವವರೆಗೆ ಕಾಯಬೇಕೇ?

ಬೇಡ. ಇದು ಹಳೆಯ ಕಾಲದ ಶಸ್ತ್ರಚಿಕಿತ್ಸೆಗೆ ಹೊಂದುತ್ತಿದ್ದ ಮಾತು. ಈಗ ಪೊರೆಯಿಂದ ದಿನದ ಕೆಲಸಕ್ಕೆ ಅಡ್ಡಿಯಾದಾಗಲೇ ತೆಗೆಸಬಹುದು. ಹೆಚ್ಚಿನವರು ಅದೇ ದಿನ ಮನೆಗೆ ಮರಳುತ್ತಾರೆ. ಪೊರೆ ತೀರಾ ಬಲಿತರೆ ತೆಗೆಯುವುದು ಕಷ್ಟವಾಗುತ್ತದೆ, ಕಣ್ಣಿನ ಒತ್ತಡವೂ ಏರಬಹುದು. ಎದುರಿನ ವಾಹನದ ದೀಪ ಒಡೆದು ಹರಡಿದಂತೆ ಕಾಣುವುದು, ಅಕ್ಕಿಯಲ್ಲಿನ ಕಲ್ಲು ಕಾಣದಿರುವುದು ಪೊರೆಯ ಮೊದಲ ಗುರುತುಗಳು. ಕಣ್ಣಿನ ನರವನ್ನು ಕೆಡಿಸುವ ಗ್ಲಾಕೋಮಾ ಮತ್ತು ಸಕ್ಕರೆ ಕಾಯಿಲೆಯ ಕಣ್ಣಿನ ತೊಂದರೆ ಮಾತ್ರ ಮೊದಮೊದಲು ಏನನ್ನೂ ತೋರಿಸದೆ ದೃಷ್ಟಿಯನ್ನು ತಿನ್ನುತ್ತವೆ, ಹೋದ ದೃಷ್ಟಿ ಮರಳುವುದಿಲ್ಲ. ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಅದಕ್ಕಾಗಿ. ಜೇನು, ಸೊಪ್ಪಿನ ರಸ ಯಾವುದನ್ನೂ ಕಣ್ಣಿಗೆ ಬಿಡಬೇಡಿ.

"ಕೂಗಬೇಡ, ಕೇಳಿಸುತ್ತದೆ" ಎನ್ನುತ್ತಾರೆ. ಮೆಲ್ಲಗೆ ಹೇಳಿದರೆ ಕೇಳಿಸುವುದಿಲ್ಲ. ಹೇಗೆ ಮಾತನಾಡಬೇಕು?

ಅವರು ಹೇಳುವುದು ನಿಜ. ವಯಸ್ಸಿನ ಕಿವುಡಿನಲ್ಲಿ ಮೊದಲು ಹೋಗುವುದು ಕೀರಲು ಸ್ವರಗಳು. ಸ್ವರಾಕ್ಷರಗಳು ಕೇಳಿಸುತ್ತವೆ, ಸ, ಶ, ತ, ಕ, ಪ ಇಂಥ ವ್ಯಂಜನಗಳ ಅಂಚು ಅಳಿಸಿ ಹೋಗುತ್ತದೆ. ಹೀಗಾಗಿ ಯಾರೋ ಮಾತನಾಡುತ್ತಿದ್ದಾರೆಂದು ಗೊತ್ತಾಗುತ್ತದೆ, ಏನೆಂದು ತಿಳಿಯುವುದಿಲ್ಲ. "ಹಾಲು ತರಲಾ" ಎಂದದ್ದು "ಕಾಲು" ಎಂದು ಕೇಳಿಸಿ, ಅವರು ಮಂಡಿ ನೋವಿನ ವಿಷಯ ಹೇಳತೊಡಗಿದರೆ ನಗಬೇಡಿ. ಎರಡು ಸಲ ನಗಿಸಿಕೊಂಡವರು ಮೂರನೆಯ ಸಲ ಮಾತು ನಿಲ್ಲಿಸುತ್ತಾರೆ. ಕೂಗಿದರೆ ಸ್ವರಾಕ್ಷರಗಳಷ್ಟೇ ದೊಡ್ಡದಾಗಿ ಕಿವಿಗೆ ಹೊಡೆಯುತ್ತವೆ. ಎದುರು ಬಂದು, ಮುಖಕ್ಕೆ ಬೆಳಕು ಬೀಳುವಂತೆ ನಿಂತು, ತಗ್ಗಿದ ದನಿಯಲ್ಲಿ, ಬಿಡಿಸಿ ಬಿಡಿಸಿ ಹೇಳಿ. ಟಿ.ವಿ. ಮತ್ತು ಮಿಕ್ಸಿ ನಿಲ್ಲಿಸಿ. ಶೀಟಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಎಳೆಯರಿಗೇ ಮಾತು ಕೇಳಿಸುವುದಿಲ್ಲವಾದ್ದರಿಂದ ಮುಖ್ಯವಾದ ಮಾತನ್ನು ಮಳೆ ಬಿಟ್ಟಾಗ ಆಡಿ.

ಮೊದಲು ಕಿವಿಯಲ್ಲಿ ಗುಗ್ಗೆ ಕಟ್ಟಿದೆಯೇ ಎಂದು ವೈದ್ಯರಿಂದ ನೋಡಿಸಿ. ಎಷ್ಟೋ ಜನರ ಕಿವುಡು ಅಷ್ಟಕ್ಕೇ ಹೋಗುತ್ತದೆ. ಶ್ರವಣ ಸಾಧನ ಬೇಕಾದರೆ ತಡಮಾಡಬಾರದು, ಮತ್ತು ಅದು ಒಗ್ಗಲು ಕೆಲವು ವಾರ ಬೇಕೆಂದು ಮೊದಲೇ ಹೇಳಿರಬೇಕು. ನಮ್ಮ ಥಂಡಿ ಹವೆಯಲ್ಲಿ ಅದು ಬೇಗ ಕೆಡುತ್ತದೆ. ರಾತ್ರಿ ಬ್ಯಾಟರಿ ಬಾಗಿಲು ತೆರೆದು, ತೇವ ಹೀರುವ ಸಿಲಿಕಾ ಪೊಟ್ಟಣವಿರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಒಂದು ಕಿವಿ ಒಮ್ಮೆಲೇ ಕೇಳಿಸದಾದರೆ ಅದು ತುರ್ತು, ಅಂದೇ ತೋರಿಸಬೇಕು.

ಊಟ ಕಡಿಮೆಯಾಗಿದೆ. ಗಂಜಿ, ತಂಬುಳಿ ಸಾಕು ಎನ್ನುತ್ತಾರೆ. ಒತ್ತಾಯ ಮಾಡಬೇಕೇ?

ರುಚಿ, ವಾಸನೆ ಎರಡೂ ಮಂದವಾಗುವುದರಿಂದ, ಹೊಟ್ಟೆ ತಡವಾಗಿ ಖಾಲಿಯಾಗುವುದರಿಂದ ಹಸಿವು ಸ್ವಲ್ಪ ತಗ್ಗುವುದು ಸಹಜ. ಗಂಜಿಯೂ ತಂಬುಳಿಯೂ ಹೊಟ್ಟೆಗೆ ಹಿತ. ಆದರೆ ಮೂರು ಹೊತ್ತೂ ಅದೇ ಆದರೆ ಪ್ರೋಟೀನ್ ಸಿಗುವುದಿಲ್ಲ. ಹಿರಿಯರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದು ಗ್ರಾಮಿಗಿಂತ ಕಡಿಮೆಯಿಲ್ಲದಷ್ಟು ಪ್ರೋಟೀನ್ ಬೇಕು. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಮಾತ್ರ ವೈದ್ಯರು ಬೇರೆ ಅಳತೆ ಹೇಳುತ್ತಾರೆ. ಗಂಜಿಯ ಜೊತೆ ಹುರುಳಿ ಸಾರು, ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಸೇರಿಸಿ ಸ್ವಲ್ಪ ಸ್ವಲ್ಪವಾಗಿ ಐದು ಹೊತ್ತು ಕೊಡುವುದು ಒತ್ತಾಯಕ್ಕಿಂತ ಫಲಕಾರಿ. ರುಚಿ ಮಂಕಾದವರು ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳಗಳ ಕಡೆಗೆ ವಾಲುತ್ತಾರೆ. ರಕ್ತದೊತ್ತಡ ಇದ್ದವರಿಗೆ ಆ ಉಪ್ಪು ಭಾರವಾಗುತ್ತದೆ. ನಿಂಬೆ, ಶುಂಠಿ, ಜೀರಿಗೆ, ಕೊತ್ತಂಬರಿಯಿಂದ ರುಚಿ ಏರಿಸಬಹುದು.

ತೂಕವನ್ನು ತಿಂಗಳಿಗೊಮ್ಮೆ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಐವತ್ತು ಕಿಲೋ ಇದ್ದವರು ಆರು ತಿಂಗಳಲ್ಲಿ ಎರಡೂವರೆ ಕಿಲೋ ಇಳಿದರೆ ಕಾರಣ ಹುಡುಕಲೇಬೇಕು. ಬಾಯಾರಿಕೆಯೂ ವಯಸ್ಸಿನೊಂದಿಗೆ ಮಂದವಾಗುತ್ತದೆ; ಬಾಯಾರಿದಾಗ ಕುಡಿಯುತ್ತೇನೆ ಎಂದು ಕಾದರೆ ಅಷ್ಟರಲ್ಲಿ ದೇಹ ಒಣಗಿರುತ್ತದೆ, ಮಲಬದ್ಧತೆಗೆ ಅದೂ ಒಂದು ಕಾರಣ. ಹೃದಯ ಅಥವಾ ಮೂತ್ರಪಿಂಡದ ಕಾರಣಕ್ಕೆ ನೀರು ಮಿತಗೊಳಿಸಿಲ್ಲವಾದರೆ ಹೊತ್ತು ಹೊತ್ತಿಗೆ ಬಿಸಿನೀರು, ಮಜ್ಜಿಗೆ ಕೊಡಿ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ನೀವೇ ತೀರ್ಮಾನಿಸಬೇಡಿ.

ಐವತ್ತು ವರ್ಷದಿಂದ ಕವಳ (ಎಲೆಯಡಿಕೆ) ಹಾಕುತ್ತಿದ್ದಾರೆ. ಈ ವಯಸ್ಸಿನಲ್ಲಿ ಬಿಡಿಸಿ ಏನು ಪ್ರಯೋಜನ?

ಅಡಿಕೆ ನಮ್ಮ ಅನ್ನ. ಅದರ ಬಗ್ಗೆ ಈ ಮಾತನ್ನು ಬರೆಯುವುದು ಈ ಜಿಲ್ಲೆಯಲ್ಲಿ ಯಾರಿಗೂ ಸುಲಭವಲ್ಲ. ಆದರೂ ಹೇಳಬೇಕು: ತಂಬಾಕು ಸೇರಿದ ಕವಳ ಬಾಯಿಯ ಕ್ಯಾನ್ಸರಿಗೆ ಕಾರಣವಾಗುತ್ತದೆಂಬುದರಲ್ಲಿ ಸಂಶಯವಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಯಾವ ವಯಸ್ಸಿನಲ್ಲಿ ಬಿಟ್ಟರೂ ಪ್ರಯೋಜನವಿದೆ. ಒಮ್ಮೆಲೇ ಆಗದಿದ್ದರೆ ಮೊದಲು ಹೊಗೆಸೊಪ್ಪು ಬಿಡಲಿ, ಆಮೇಲೆ ಕವಳ ನಿಲ್ಲಲಿ. ಬಿಡುವವರೆಗೆ, ಬಿಟ್ಟ ಮೇಲೂ, ತಿಂಗಳಿಗೊಮ್ಮೆ ಬೆಳಕಿನಲ್ಲಿ ಬಾಯಿ ತೆರೆಸಿ ನೋಡಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು ಕಂಡರೆ ವೈದ್ಯರಲ್ಲಿಗೆ ಹೋಗಿ. ಬೇಗ ಕಂಡುಹಿಡಿದ ಬಾಯಿ ಕ್ಯಾನ್ಸರ್ ವಾಸಿಯಾಗುವ ಕಾಯಿಲೆ. ಕಟ್ಟಿಸಿದ ಹಲ್ಲು ಸಡಿಲವಾಗಿ ಒರೆಯುತ್ತಿದ್ದರೆ ಅದನ್ನೂ ಸರಿಪಡಿಸಿ.

ರಾತ್ರಿ ಎರಡಕ್ಕೇ ಎದ್ದು ಕೂರುತ್ತಾರೆ. ನಿದ್ರೆ ಮಾತ್ರೆ ಕೊಡಬಹುದೇ?

ಸಂಜೆ ಬೇಗ ನಿದ್ರೆ ಬಂದು ನಸುಕಿಗೆ ಎಚ್ಚರವಾಗುವುದು, ನಿದ್ರೆ ಹಗುರವಾಗಿ ನಡುನಡುವೆ ಒಡೆಯುವುದು ವಯಸ್ಸಿನ ಗುಣ. ಎಂಟಕ್ಕೆ ಮಲಗಿದವರಿಗೆ ಎರಡು ಗಂಟೆಗೆ ಆರು ತಾಸಿನ ನಿದ್ರೆ ಆಗಿರುತ್ತದೆ. ಹಗಲಿನ ನಿದ್ರೆ ಅರ್ಧ ಗಂಟೆ ಮೀರದಿರಲಿ, ಸಂಜೆಯ ಕಾಫಿ ನಿಲ್ಲಲಿ, ಬೆಳಗಿನ ಬೆಳಕಿನಲ್ಲಿ ಸ್ವಲ್ಪ ಹೊತ್ತು ಓಡಾಡಲಿ. ನಿದ್ರೆ ಮಾತ್ರೆಗಳು ರಾತ್ರಿಯ ಬೀಳುವಿಕೆಗೂ ಹಗಲಿನ ಮರೆವಿಗೂ ಕಾರಣವಾಗುವುದರಿಂದ ಅವು ಕೊನೆಯ ದಾರಿ. ಜೋರಾದ ಗೊರಕೆಯ ನಡುವೆ ಉಸಿರು ನಿಂತಂತಾಗುತ್ತಿದ್ದರೆ, ಮಲಗಿದಾಗ ಉಸಿರು ಕಟ್ಟಿ ಎದ್ದು ಕೂರುತ್ತಿದ್ದರೆ ಅದು ನಿದ್ರೆಯ ತೊಂದರೆಯಷ್ಟೇ ಅಲ್ಲ; ವೈದ್ಯರಿಗೆ ಹೇಳಲೇಬೇಕು.

ಮೂತ್ರದ ತೊಂದರೆಯನ್ನು ಹೇಳಿಕೊಳ್ಳುವುದೇ ಇಲ್ಲ. ಹೇಗೆ ಕೇಳುವುದು?

ನಾಚಿಕೆಯಿಂದ ಮುಚ್ಚಿಡುವ ತೊಂದರೆ ಇದು. ಅಜ್ಜಿ ಮದುವೆ ಮನೆಗೆ ಬರುವುದಿಲ್ಲವೆನ್ನುತ್ತಿದ್ದರೆ, ಬಸ್ಸಿನಲ್ಲಿ ಹೋಗುವ ದಿನ ನೀರನ್ನೇ ಕುಡಿಯದಿದ್ದರೆ ಕಾರಣ ಇದೇ ಇರಬಹುದು. ಸೊಸೆಯೋ ಮಗಳೋ ಒಬ್ಬರೇ ಇದ್ದಾಗ ಮೆಲ್ಲಗೆ ಕೇಳಿದರೆ ಹೇಳುತ್ತಾರೆ. ಕೆಮ್ಮಿದಾಗ, ನಕ್ಕಾಗ ಮೂತ್ರ ಜಾರುವುದಕ್ಕೆ ಮೂತ್ರ ತಡೆಹಿಡಿಯುವಾಗ ಬಿಗಿಯಾಗುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮದಿಂದ ಕೆಲವು ತಿಂಗಳಲ್ಲಿ ಗುಣ ಕಾಣುತ್ತದೆ. ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ಹಿಗ್ಗುವುದು ಸಾಮಾನ್ಯ, ಔಷಧಿಯೂ ಇದೆ; ಆದರೆ ಮೂತ್ರ ಪೂರ್ತಿ ಕಟ್ಟಿದರೆ ಅದು ತುರ್ತು.

ಮರೆವು ಹೆಚ್ಚಾಗಿದೆ. ಇದು ಅರಳುಮರಳೇ?

ಹೆಸರು ತಕ್ಷಣ ನೆನಪಾಗದೆ ಸಂಜೆಗೆ ಹೊಳೆಯುವುದು, ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು ವಯಸ್ಸಿನ ಮರೆವು. ಕನ್ನಡಕ ಏತಕ್ಕೆಂಬುದೇ ತಿಳಿಯದಿರುವುದು, ನಲವತ್ತು ವರ್ಷ ಮಾಡಿದ ಸಾರಿನಲ್ಲಿ ಯಾವುದರ ನಂತರ ಯಾವುದು ಎಂದು ತೋಚದೆ ಒಲೆಯ ಮುಂದೆ ನಿಲ್ಲುವುದು, ಸ್ವಂತ ತೋಟದಲ್ಲಿ ದಾರಿ ತಪ್ಪುವುದು, ಊಟವಾದ ಹತ್ತು ನಿಮಿಷಕ್ಕೆ ಊಟ ಹಾಕಲಿಲ್ಲವೆನ್ನುವುದು ಬೇರೆ. ಹಣದ ಲೆಕ್ಕ ಚೊಕ್ಕವಾಗಿ ಇಡುತ್ತಿದ್ದವರು ಅಡಿಕೆ ಮಂಡಿಯ ಪಟ್ಟಿ ನೋಡಿ ತಬ್ಬಿಬ್ಬಾಗುವುದನ್ನು ನಾನು ಮೊದಲ ಗುರುತಾಗಿ ಎರಡು ಮನೆಗಳಲ್ಲಿ ಕಂಡೆ.

ಅರಳುಮರಳು ಎಂದು ಕೈಬಿಡುವ ಮುನ್ನ ಸರಿಪಡಿಸಬಹುದಾದ ಕಾರಣಗಳನ್ನು ನೋಡಬೇಕು. ಬಿ12 ಜೀವಸತ್ವದ ಕೊರತೆ ಅವುಗಳಲ್ಲಿ ಮುಖ್ಯ. ಅದು ಪ್ರಾಣಿಜನ್ಯ ಆಹಾರದಲ್ಲಿ ಮಾತ್ರ ಸಹಜವಾಗಿ ಸಿಗುವುದರಿಂದ ಹಾಲು, ಮೊಸರೂ ಕಡಿಮೆಯಾದ ಸಸ್ಯಾಹಾರಿ ಹಿರಿಯರಿಗೆ ಕೊರತೆ ಬೇಗ ತಟ್ಟುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಆಮ್ಲ ತಗ್ಗಿಸುವ ಮಾತ್ರೆಗಳನ್ನು ಬಹುಕಾಲ ತೆಗೆದುಕೊಂಡವರಿಗೆ ಇನ್ನೂ ಹೆಚ್ಚು. ಅಂಗಾಲು ಉರಿ, ಜೋಮು, ನಡಿಗೆಯ ತೂರಾಟ ಇದರ ಜೊತೆಗಿರುತ್ತವೆ. ಥೈರಾಯ್ಡ್ ಕೊರತೆ, ಖಿನ್ನತೆ, ಕೇಳಿಸದ ಕಿವಿ, ಕೆಲವು ಮಾತ್ರೆಗಳು ಇವೂ ಮರೆವಿನ ವೇಷದಲ್ಲಿ ಬರುತ್ತವೆ. ಒಂದೆರಡು ದಿನಗಳಲ್ಲಿ ಒಮ್ಮೆಲೇ ಬಂದ ಗಲಿಬಿಲಿಯಂತೂ ಸೋಂಕು, ಸೋಡಿಯಂ ಕುಸಿತ, ಮೂತ್ರ ಕಟ್ಟುವುದು ಇಂಥ ದೇಹದ ತೊಂದರೆಯ ಕೂಗು, ಅದಕ್ಕೆ ಅಂದೇ ವೈದ್ಯರು ಬೇಕು. ನಿಜವಾಗಿಯೂ ಡಿಮೆನ್ಷಿಯಾ ಎಂದು ತಿಳಿದರೆ ಅವರ ಮಾತನ್ನು ತಿದ್ದಿ ವಾದಿಸಬೇಡಿ. ತೀರಿಹೋದ ಅಣ್ಣ ಬಂದನೇ ಎಂದು ಕೇಳಿದರೆ ಆ ಅಣ್ಣನ ಬಗ್ಗೆ ಮಾತನಾಡಿಸಿ.

ದಿನಕ್ಕೆ ಹತ್ತು ಮಾತ್ರೆ ನುಂಗುತ್ತಾರೆ. ಎಲ್ಲವೂ ಬೇಕೇ?

ಇದನ್ನು ವೈದ್ಯರೇ ಹೇಳಬೇಕು, ಆದರೆ ಪ್ರಶ್ನೆಯನ್ನು ನೀವೇ ಎತ್ತಬೇಕು. ನಮ್ಮ ಮಾವನವರ ಮಾತ್ರೆಗಳಿದ್ದದ್ದು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯಲ್ಲಿ. ಕಾಲಿನ ಹರಡಿನ ಬಳಿ ಊತ ಬಂದಾಗ ಒಂದು ಕಡೆ ತೋರಿಸಿದೆವು, ನೀರಿಳಿಸುವ ಮಾತ್ರೆ ಕೊಟ್ಟರು. ಅದರಿಂದ ರಾತ್ರಿ ಮೂರು ನಾಲ್ಕು ಬಾರಿ ಏಳುವಂತಾಯಿತು. ಒಂದು ಮಧ್ಯಾಹ್ನ ಜಗುಲಿಯಲ್ಲಿ ಪೇಪರ್ ಹಾಸಿ ಡಬ್ಬಿ ಸುರಿದು, ಪಟ್ಟಿಗಳ ಬೆನ್ನಿನ ಸಣ್ಣ ಅಕ್ಷರಗಳನ್ನು ಓದಿದಾಗ ಬೇರೆ ಬೇರೆ ಬಣ್ಣದ, ಬೇರೆ ಬೇರೆ ಹೆಸರಿನ ಎರಡು ಪಟ್ಟಿಗಳ ಮೇಲೂ ಅಮ್ಲೋಡಿಪಿನ್ ಎಂಬ ರಕ್ತದೊತ್ತಡದ ಔಷಧಿಯ ಹೆಸರೇ ಇತ್ತು. ಇಬ್ಬರು ವೈದ್ಯರು ಬೇರೆ ಬೇರೆ ಕಾಲದಲ್ಲಿ ಬರೆದದ್ದು. ಮಾವನವರು ಎರಡನ್ನೂ ನಿಷ್ಠೆಯಿಂದ ನುಂಗುತ್ತಿದ್ದರು. ಕಾಲೂತ ಆ ಔಷಧಿಯದೇ ಪರಿಣಾಮ. ವೈದ್ಯರು ಒಂದನ್ನು ನಿಲ್ಲಿಸಿದ ಮೇಲೆ ಊತವೂ ಇಳಿಯಿತು, ನೀರಿಳಿಸುವ ಮಾತ್ರೆಯೂ ನಿಂತಿತು.

ವಯಸ್ಸಾದಂತೆ ಮೂತ್ರಪಿಂಡ, ಯಕೃತ್ತು ಔಷಧಿಯನ್ನು ನಿಧಾನವಾಗಿ ಹೊರಹಾಕುವುದರಿಂದ ಹಳೆಯ ಪ್ರಮಾಣವೇ ಹೆಚ್ಚಾಗಬಹುದು. ಆರು ತಿಂಗಳಿಗೊಮ್ಮೆ ಮನೆಯಲ್ಲಿರುವ ಎಲ್ಲ ಮಾತ್ರೆ, ಕಷಾಯದ ಪುಡಿ, ಲೇಹ್ಯ, ಮುಲಾಮುಗಳನ್ನು ಒಂದೇ ಚೀಲದಲ್ಲಿ ತುಂಬಿ ಒಬ್ಬರೇ ವೈದ್ಯರ ಮುಂದಿಡಿ. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದು ಬಸ್ಸು ನಿಲ್ಲುವ ಊರಿನವರು ಕನಿಷ್ಠ ಹದಿನೈದು ದಿನದ ಮಾತ್ರೆ ಹೆಚ್ಚಿಗೆ ಇಟ್ಟುಕೊಂಡಿರಿ.

ಮಲೆನಾಡಿನ ಹವೆಗೆ ಹಿರಿಯರು ವಿಶೇಷವಾಗಿ ಏನು ಎಚ್ಚರ ವಹಿಸಬೇಕು?

ಚಳಿಯ ಅರಿವು ಮಂದವಾಗಿರುವುದರಿಂದ ಅವರು ಕೇಳುವ ಮುನ್ನವೇ ಬೆಚ್ಚಗೆ ಹೊದಿಸಬೇಕು. ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಕೆಂಡ ಇಟ್ಟು ಮಲಗುವುದು ಪ್ರಾಣಕ್ಕೇ ಅಪಾಯ. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೆ ಬಿಸಿನೀರಿನ ಚೀಲ ಸುಟ್ಟದ್ದೂ ತಿಳಿಯುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆಯವರಿಗೆ ಇಂಬಳ (ಜಿಗಣೆ) ಕಚ್ಚಿದರೆ ರಕ್ತ ಬಹಳ ಹೊತ್ತು ನಿಲ್ಲದು, ಒತ್ತಿ ಹಿಡಿದು ಕಟ್ಟಬೇಕು. ಒಣಗಿ ತುರಿಸುವ ಚರ್ಮಕ್ಕೆ ಸ್ನಾನದ ನಂತರ ಕೊಬ್ಬರಿ ಎಣ್ಣೆ ಸಾಕು. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಯ ಬಗ್ಗೆ ಮಳೆಗಾಲಕ್ಕೆ ಮುನ್ನ ವೈದ್ಯರನ್ನು ಕೇಳಿ.

ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ ಉಣ್ಣೆ (ಉಣುಗು) ಕಚ್ಚುವುದರಿಂದ ಅದು ಬರುತ್ತದೆ. ಆ ತಿಂಗಳುಗಳಲ್ಲಿ ಸೊಪ್ಪು, ತರಗೆಲೆಗೆ ಹೋದವರಿಗೆ ಜ್ವರ ಬಂದರೆ ಕಾಡಿಗೆ ಹೋದದ್ದನ್ನು ವೈದ್ಯರಿಗೆ ತಿಳಿಸಿ, ನೋವಿನ ಮಾತ್ರೆಯನ್ನು ನೀವೇ ಕೊಡಬೇಡಿ.

ಆಸ್ಪತ್ರೆಗೆ ತಕ್ಷಣ ಹೊರಡಬೇಕಾದದ್ದು ಯಾವಾಗ?

ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಶುರುವಾದ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ದೂರದ ಊರಿನಿಂದ ಶಿವಮೊಗ್ಗಕ್ಕೆ ಬರುವುದಕ್ಕೇ ಅದರಲ್ಲಿ ಎರಡು ತಾಸು ಹೋಗುವುದರಿಂದ, ಬೆಳಗಾಗಲಿ ನೋಡೋಣ ಎನ್ನುವಂತಿಲ್ಲ. ಎದೆನೋವು, ಉಸಿರು ಕಟ್ಟುವುದು, ಒಮ್ಮೆಲೇ ಬಂದ ಗಲಿಬಿಲಿ, ಕಪ್ಪು ಮಲ ಇವೂ ಹಾಗೆಯೇ. 108ರ ಜೊತೆಗೆ ಪಕ್ಕದ ಮನೆಯ ಜೀಪಿನವರ ನಂಬರನ್ನೂ ದೊಡ್ಡ ಅಕ್ಷರದಲ್ಲಿ ಗೋಡೆಗೆ ಅಂಟಿಸಿ. ಶಿವಮೊಗ್ಗದಲ್ಲಿ ಮೆಗ್ಗಾನ್ ಜಿಲ್ಲಾ ಬೋಧನಾ ಆಸ್ಪತ್ರೆ ಇದೆ. ಹಿರಿಯರ ಸಹಾಯವಾಣಿ 14567, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416.

ನಾವು ದೂರದಲ್ಲಿದ್ದೇವೆ. ಫೋನಿನಲ್ಲಿ ಏನು ತಿಳಿಯಲು ಸಾಧ್ಯ?

ಬಹಳಷ್ಟು ಸಾಧ್ಯ. ಸಂಗಾತಿ ತೀರಿಕೊಂಡ ಮೇಲೆ, ಮನೆ ಬರಿದಾದ ಮೇಲೆ ಖಿನ್ನತೆ ಬರುವುದುಂಟು. ಹಿರಿಯರು ಅದನ್ನು ಬೇಸರ ಎನ್ನುವುದಿಲ್ಲ, ಹೊಟ್ಟೆ ಸರಿಯಿಲ್ಲ, ಮೈಕೈ ನೋವು ಎನ್ನುತ್ತಾರೆ. ಅದಕ್ಕೂ ಚಿಕಿತ್ಸೆ ಇದೆ, ಎಂಬತ್ತರಲ್ಲಿಯೂ ಗುಣವಾಗುತ್ತದೆ. ಊರಿಗೆ ಹೋದಾಗ ಮಾತ್ರೆ ಡಬ್ಬಿ, ಚಪ್ಪಲಿಯ ಅಡಿ, ತೂಕ ಬರೆದ ಕ್ಯಾಲೆಂಡರ್, ಸಡಿಲವಾದ ರವಿಕೆ ಅಥವಾ ಅಂಗಿಯನ್ನು ನೋಡಿ. ಫೋನಿನಲ್ಲಿ ಹೇಗಿದ್ದೀರಿ ಎಂದು ಕೇಳಿದರೆ ವಯಸ್ಸಾಯಿತಲ್ಲ ಎಂಬ ಉತ್ತರವೇ ಬರುತ್ತದೆ. ಅದರ ಬದಲು, ಅಮ್ಮ, ಇವತ್ತು ದೇವರಿಗೆ ಹೂ ಯಾರು ಕೊಯ್ದರು ಎಂದು ಕೇಳಿ. ನಾನೇ ಎಂದರೆ ಅಂಗಳದ ಮೆಟ್ಟಿಲು ಇಳಿದಿದ್ದಾರೆ, ಬಗ್ಗಿದ್ದಾರೆ, ಹೂ ಕಣ್ಣಿಗೆ ಕಂಡಿದೆ. ಒಂದು ವಾರದಿಂದ ಪಕ್ಕದ ಮನೆಯ ಹುಡುಗಿ ತಂದುಕೊಡುತ್ತಿದ್ದಾಳೆ ಎಂದರೆ, ಅದೇ ಶನಿವಾರ ಊರಿನ ಬಸ್ಸು ಹತ್ತಿ.